ಗುಡ್ಡದ ವಾಲ್ವು ತಾನಾಗಿ ಮುಚ್ಚಿದ ದಿನ

ಗಡಿಯಲ್ಲಿ ಯುದ್ಧ ಶುರುವಾದ ಮೂರನೆಯ ದಿನ ನಮ್ಮ ಕಂಟ್ರೋಲ್ ರೂಮಿಗೆ ಒಂದು ಸುತ್ತೋಲೆ ಬಂತು. ಬಂದದ್ದು ವಾಟ್ಸಾಪಿನಲ್ಲಿ, ಯಾರೋ ಮೇಜಿನ ಮೇಲಿಟ್ಟು ಓರೆಯಾಗಿ ತೆಗೆದ ಫೋಟೋ. ನೆರೆ ದೇಶದ ಕಡೆಯವರು ಕರೆಂಟು, ನೀರು, ಬ್ಯಾಂಕುಗಳ ಕಂಪ್ಯೂಟರುಗಳಿಗೆ ನುಗ್ಗುವ ಸಂಭವವಿದೆ, ದೂರದಿಂದ ನಡೆಸುವ ವ್ಯವಸ್ಥೆಗಳನ್ನು ಬಂದ್ ಮಾಡಿ, ಎಲ್ಲ ಉಪಕರಣಗಳ ಪಾಸ್‌ವರ್ಡ್ ಬದಲಾಯಿಸಿ, ಸಂಜೆ ಐದರೊಳಗೆ ಅನುಪಾಲನಾ ವರದಿ ಸಲ್ಲಿಸಿ ಎಂದು ಅದರಲ್ಲಿತ್ತು. ಫೋಟೋ ನನ್ನ ಫೋನಿಗೆ ಬಂದಾಗ ನಾಲ್ಕೂ ಹತ್ತು.

ನಾನು ಕೆಲಸ ಮಾಡುವುದು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಒಂದು ಯೋಜನೆಯಲ್ಲಿ. ಹೆಸರು ಬೇಡ. ನೀರನ್ನು ಶುದ್ಧ ಮಾಡಿ, ಪಂಪಿನಿಂದ ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿಗೆ ಏರಿಸುತ್ತೇವೆ. ಅಲ್ಲಿಂದ ಅದು ತಾನಾಗಿ ಇಳಿದು ಹಳ್ಳಿ ಟ್ಯಾಂಕುಗಳಿಗೆ ಹೋಗುತ್ತದೆ. ದಾರಿಯಲ್ಲಿ ನಲವತ್ತೊಂದು ವಾಲ್ವುಗಳಿವೆ. ಮೊದಲು ಅವನ್ನು ನೀರಗಂಟಿಗಳು ಕೈಯಲ್ಲಿ ತಿರುಗಿಸುತ್ತಿದ್ದರು. ಎರಡು ವರ್ಷದ ಹಿಂದೆ ಪ್ರತಿ ವಾಲ್ವಿಗೂ ಒಂದು ಮೋಟಾರು, ಪಕ್ಕದಲ್ಲೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಮೋಡೆಮ್ ಬಂತು. ನಾನು ಕುರ್ಚಿಯಲ್ಲಿ ಕುಳಿತು ಮೌಸ್ ಒತ್ತಿದರೆ ಇಪ್ಪತ್ತು ಮೈಲಿ ಆಚೆ ವಾಲ್ವು ತಿರುಗುತ್ತಿತ್ತು. ಗುತ್ತಿಗೆ ನೌಕರಳಾದರೂ ಆ ಕುರ್ಚಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ.

ಐವತ್ತು ನಿಮಿಷದಲ್ಲಿ ಏನು ಮಾಡಬಹುದೋ ಅದನ್ನು ಮಾಡಿದೆ. ಮನೆಯಿಂದಲೇ ನೋಡಿಕೊಳ್ಳಲೆಂದು ಕಂಪ್ಯೂಟರಿಗೆ ಹಾಕಿಕೊಂಡಿದ್ದ ಸಾಫ್ಟ್‌ವೇರ್ ತೆಗೆದೆ. ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿದೆ. ನಲವತ್ತೊಂದು ಮೋಡೆಮ್‌ಗಳು ಉಳಿದವು. ಅವುಗಳಿಗೆಲ್ಲ ಒಂದೇ ಪಾಸ್‌ವರ್ಡ್, ಅದೂ ಹಾಕಿಕೊಟ್ಟ ದಿನದಿಂದ ಬದಲಾಗದ್ದು. ಒಂದೊಂದನ್ನೇ ತೆರೆದು ಬದಲಾಯಿಸಲು ಎರಡು ದಿನ ಬೇಕು. ಮುಂದಿನ ವಾರ ಮಾಡಿದರಾಯಿತು ಎಂದುಕೊಂಡು ವರದಿಯಲ್ಲಿ ‘ಎಲ್ಲ ಉಪಕರಣಗಳ ಪಾಸ್‌ವರ್ಡ್ ಬದಲಾಯಿಸಲಾಗಿದೆ’ ಎಂದು ಬರೆದು ಸಹಿ ಹಾಕಿ ಕಳಿಸಿದೆ. ನಮ್ಮಲ್ಲಿ ಕೆಲಸಕ್ಕಿಂತ ಮೊದಲು ವರದಿ ಹೋಗುವುದು ಹೊಸದೇನಲ್ಲ. ಆದರೂ ಅದು ಸುಳ್ಳು, ಬರೆಯುವಾಗಲೇ ಸುಳ್ಳೆಂದು ಗೊತ್ತಿತ್ತು.

ಆಗ ಎಲ್ಲರ ಕಣ್ಣೂ ಬೇರೆ ಕಡೆ ಇತ್ತು. ಮಾರಿಕಣಿವೆ ಅಣೆಕಟ್ಟೆಗೆ ಪೊಲೀಸ್ ಕಾವಲು ಬಂದಿತ್ತು. ಚಿತ್ರದುರ್ಗದಲ್ಲಿ ಸೈರನ್ ಊದಿ ನೋಡಿದ್ದರು. ನಮ್ಮ ಪಂಪ್ ಆಪರೇಟರ್‌ ಮಗ ಸೈನ್ಯದಲ್ಲಿದ್ದಾನೆ, ಆ ವಾರವೆಲ್ಲ ಅವನ ಫೋನ್ ಸ್ವಿಚ್ ಆಫ್. ಪಾಪ, ಆ ಮನುಷ್ಯ ಟಿವಿ ಹಾಕಿದರೆ ಭಯ, ಆರಿಸಿದರೆ ಇನ್ನೂ ಭಯ ಎನ್ನುತ್ತಾ ಪಂಪ್‌ಹೌಸಿಗೂ ನನ್ನ ಕೋಣೆಗೂ ಓಡಾಡುತ್ತಿದ್ದರು.

ಮರುದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅವರೇ ಬಾಗಿಲಲ್ಲಿ ಬಂದು ನಿಂತರು.

“ಮೇಡಂ, ಮೋಟಾರಿನ ದನಿ ಬ್ಯಾರೆ ಆಗೈತೆ. ಮೇಲ್ಗಡೆ ವಾಲ್ವು ಏನಾರ ಮುಚ್ಚಿದ್ರಾ?”

“ಇಲ್ಲ. ಪೂರ್ತಿ ತೆಗೆದಿದೆ ನೋಡಿ,” ಎಂದು ಪರದೆ ತೋರಿಸಿದೆ. ಗುಡ್ಡದ ಟ್ಯಾಂಕಿಗೆ ನೀರು ಹೋಗುವ ವಾಲ್ವು ಹಸಿರಾಗಿ ನೂರಕ್ಕೆ ನೂರು ತೆರೆದಿತ್ತು.

“ನಿಮ್ಮ ಪರದೆ ಬಿಡ್ರಿ. ಮುಳ್ಳು ನೋಡ್ಬರ್ರಿ.”

ಪಂಪ್‌ಹೌಸಿಗೆ ಹೋದೆ. ಪೈಪಿನ ಮೇಲೆ ಗಡಿಯಾರದಂಥ ಹಳೆಯ ಒತ್ತಡದ ಮಾಪಕವೊಂದಿದೆ. ಅದರ ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಿತ್ತು. ಒಂದು ಜಾಯಿಂಟಿನಿಂದ ನೀರು ಎಳೆಯಾಗಿ ಚಿಮ್ಮಿ ಗೋಡೆಗೆ ಬಡಿಯುತ್ತಿತ್ತು. ಪಂಪು ಮೇಲಕ್ಕೆ ನೂಕುತ್ತಿದೆ, ಮೇಲೆ ಬಾಗಿಲು ಮುಚ್ಚಿದೆ, ಮಧ್ಯದ ಪೈಪು ಎರಡರ ನಡುವೆ ಸಿಕ್ಕಿಕೊಂಡಿದೆ. ಅದು ಒಡೆದರೆ ಹತ್ತು ದಿನದ ರಿಪೇರಿ, ಅದೂ ಮೇ ತಿಂಗಳಲ್ಲಿ, ಬೋರ್‌ವೆಲ್‌ಗಳೆಲ್ಲ ಗಾಳಿ ಕಕ್ಕುವ ಹೊತ್ತಿನಲ್ಲಿ.

ಆಪರೇಟರ್ ನನ್ನ ಅಪ್ಪಣೆಗೆ ಕಾಯಲಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಮೇಲಿನ ನೀರು ವಾಪಸ್ ಬಂದು ಬಡಿಯುತ್ತದೆ ಎಂದು ಅವರಿಗೆ ಗೊತ್ತು. ಮೊದಲನೆ ಪಂಪಿನ ಚಕ್ರ ಹಿಡಿದು ಸುತ್ತು ಸುತ್ತಾಗಿ ಮುಚ್ಚಿ ಪಂಪು ಆರಿಸಿದರು. ಎರಡನೆಯದನ್ನೂ ಹಾಗೆಯೇ. ಮುಳ್ಳು ನಿಧಾನಕ್ಕೆ ಇಳಿಯಿತು. ಅವರು ಟವೆಲಿನಿಂದ ಮುಖ ಒರೆಸಿಕೊಂಡು, “ನೀವು ಮುಚ್ಚಿಲ್ಲ, ನಾನು ಮುಚ್ಚಿಲ್ಲ. ಹಂಗಾರೆ ಯಾರು ಮೇಡಂ?” ಅಂದರು.

ಉತ್ತರ ಅರ್ಧ ಗಂಟೆಯಲ್ಲಿ ಬಂತು. ಬೆಂಗಳೂರಿನ ಸೈಬರ್ ವಿಭಾಗದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಸಮಾಧಾನದ ದನಿ. ನಿಮಗೊಂದು ಚಿತ್ರ ಕಳಿಸಿದ್ದೇನೆ, ನೆರೆ ದೇಶದ ಪರ ಕೂಗಾಡುವ ಒಂದು ಹ್ಯಾಕರ್ ಗುಂಪಿನಲ್ಲಿ ಬೆಳಗಿನಿಂದ ಓಡಾಡುತ್ತಿದೆ, ಇದು ನಿಮ್ಮ ಕೋಣೆಯೇ ನೋಡಿ ಹೇಳಿ ಎಂದಳು.

ತೆರೆದು ನೋಡಿದೆ. ಕಳೆದ ಆಯುಧಪೂಜೆಯ ಫೋಟೋ. ಪ್ಯಾನೆಲ್‌ಗಳಿಗೆ ವಿಭೂತಿ ಪಟ್ಟೆ, ಕುಂಕುಮ, ಚೆಂಡು ಹೂವಿನ ಹಾರ, ಬಾಗಿಲ ಎರಡೂ ಕಡೆ ಬಾಳೆಕಂದು, ಮುಂದೆ ಒಡೆದ ಬೂದುಗುಂಬಳ. ನಡುವೆ ಹೊಸ ಸೀರೆ ಉಟ್ಟು ಹಲ್ಲು ಕಿರಿಯುತ್ತಿರುವ ನಾನು. ನನ್ನ ತಲೆಯ ಹಿಂದೆ, ಗೋಡೆಯ ಮೇಲೆ, ನಲವತ್ತೊಂದು ಮೋಡೆಮ್‌ಗಳ ವಿಳಾಸವೂ ಪಾಸ್‌ವರ್ಡೂ ಇರುವ ಹಾಳೆ. ಮಾಸಬಾರದೆಂದು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದವಳೂ ನಾನೇ. ಹಾಳೆಯ ಮೂಲೆಗೂ ಯಾರೋ ಭಕ್ತಿಯಿಂದ ಕುಂಕುಮ ಹಚ್ಚಿದ್ದರು. ಫೋಟೋವನ್ನು ಆಪರೇಟರ್ ಅಂದೇ ಫೇಸ್‌ಬುಕ್ಕಿಗೆ ಹಾಕಿದ್ದರು, ನಾವೆಲ್ಲ ಲೈಕ್ ಒತ್ತಿದ್ದೆವು. ಅಣೆಕಟ್ಟೆಗೆ ಬಂದೂಕಿನ ಕಾವಲು ಹಾಕಿದವರಿಗೆ ಈ ಹಾಳೆಯ ಸುದ್ದಿ ಹೇಗೆ ಗೊತ್ತಿರಬೇಕು.

“ಮೋಡೆಮ್ ಪಾಸ್‌ವರ್ಡ್ ನಿನ್ನೆಯೇ ಬದಲಾಯಿಸಿದ್ದೀರಿ ಅಂತ ನಿಮ್ಮ ವರದಿ ಇದೆ, ಅಲ್ವಾ ಮೇಡಂ?” ಎಂದಳು ಆಕೆ.

“ಇಲ್ಲ. ಬದಲಾಯಿಸಿಲ್ಲ,” ಅಂದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಲೇ ಬದಲಾಯಿಸಿ ಎಂದಳು. ಕುಳಿತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೊದಲ ಮೋಡೆಮ್ ತೆರೆಯಲಿಲ್ಲ. ಎರಡನೆಯದು ತೆರೆಯಲಿಲ್ಲ. ಒಳಗೆ ಹೊಕ್ಕವರು ತಾವೇ ಪಾಸ್‌ವರ್ಡ್ ಬದಲಾಯಿಸಿಕೊಂಡು ನಮ್ಮನ್ನು ಹೊರಗೆ ನಿಲ್ಲಿಸಿದ್ದರು. ಅವರು ಕಳಿಸುತ್ತಿದ್ದ ಸುಳ್ಳು ಲೆಕ್ಕ ನಂಬಿದ ನನ್ನ ಪರದೆಯಲ್ಲಿ ಮಾತ್ರ ಎಲ್ಲ ಟ್ಯಾಂಕುಗಳೂ ತುಂಬಿದ್ದವು, ಎಲ್ಲ ವಾಲ್ವುಗಳೂ ಹಸಿರಾಗಿ ನಗುತ್ತಿದ್ದವು.

ಅಷ್ಟರಲ್ಲಿ ಹೊಳಲ್ಕೆರೆ ಕಡೆಯ ಒಂದು ಊರಿನಿಂದ ಟ್ಯಾಂಕು ತುಂಬಿ ಬೀದಿಗೆ ಹರಿಯುತ್ತಿದೆ ಎಂದು ಫೋನ್ ಬಂತು. ಮತ್ತೋಡು ಕಡೆಯ ಸಾಲಿನಲ್ಲಿ ಹನಿ ನೀರಿಲ್ಲ ಎಂದು ಇನ್ನೊಂದು. ತಗ್ಗಿನ ವಾಲ್ವುಗಳನ್ನು ಪೂರ್ತಿ ತೆರೆದು, ಎತ್ತರದವನ್ನು ಮುಚ್ಚಿ, ಗುಡ್ಡದ ಟ್ಯಾಂಕನ್ನು ಬರಿದು ಮಾಡುತ್ತಿದ್ದರು. ಆಪರೇಟರ್ ಬೈಕ್ ಹತ್ತಿ ಗುಡ್ಡಕ್ಕೆ ಹೋದರು. ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ ಫೋನ್ ಮಾಡಿದರು.

“ಎದೆಮಟ ಐತೆ ಮೇಡಂ. ಇಳೀತಾ ಐತೆ. ಕತ್ತಲಾಗೋದ್ರೊಳಗೆ ತಳ ಕಾಣ್ತೈತೆ.”

ತಳ ಕಂಡರೂ, ಕೆಳಗಿನ ವಾಲ್ವುಗಳನ್ನು ಬಿಟ್ಟು ಮೇಲೆ ಟ್ಯಾಂಕಿನ ಬಾಯಿಯನ್ನಷ್ಟೇ ಮುಚ್ಚಿದರೂ, ಪೈಪಿನೊಳಗೆ ಗಾಳಿ ಸೇರುತ್ತದೆ. ಆ ಗಾಳಿ ಬಿಡಿಸಿ ಮತ್ತೆ ತುಂಬಿಸಲು ನಾಲ್ಕೈದು ದಿನ. ಅಷ್ಟು ದಿನ ಹಳ್ಳಿಗಳು ಏನು ಕುಡಿಯಬೇಕು? ಅದಕ್ಕಿಂತ ದೊಡ್ಡ ದಿಗಿಲು ನನ್ನ ಫೋನಿನಲ್ಲೇ ಬಂದು ಬಿದ್ದಿತ್ತು. ‘ಟ್ಯಾಂಕಿಗೆ ಯಾರೋ ವಿಷ ಹಾಕವ್ರಂತೆ, ಅದಕ್ಕೇ ನೀರು ಚೆಲ್ತಾ ಅವ್ರೆ’ ಎಂದು ಯಾರದೋ ದನಿ ವಾಟ್ಸಾಪಿನಲ್ಲಿ ಗ್ರೂಪಿನಿಂದ ಗ್ರೂಪಿಗೆ ಹಾರುತ್ತಿತ್ತು. ಇಂಥ ಹೊತ್ತಿನಲ್ಲಿ ಆ ಯಾರೋ ಯಾರು ಎಂದು ಜನ ಹುಡುಕಲು ಹೊರಟರೆ ಯಾವ ಮನೆಗಳ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ ಎಂದು ನನಗೆ ಗೊತ್ತು. ವಾಲ್ವು ತಿರುಗಿಸಿದವನಿಗೆ ಬೇಕಾದದ್ದೂ ಅದೇ ಇರಬೇಕು. ಗುಂಡು ಖರ್ಚಿಲ್ಲದೆ ನಾವು ನಾವೇ ಹೊಡೆದಾಡಿಕೊಳ್ಳುವುದು.

ಸಿಮ್‌ಗಳನ್ನು ಬಂದ್ ಮಾಡಿಸೋಣವೆಂದು ಫೋನ್ ಕಂಪನಿಗೆ ಕರೆ ಮಾಡಿದೆ. ಸಿಮ್‌ಗಳಿರುವುದು ಕೆಲಸ ಮಾಡಿಕೊಟ್ಟ ಗುತ್ತಿಗೆದಾರರ ಹೆಸರಿನಲ್ಲಿ. ಅವರು ಅಂಗಡಿ ಮುಚ್ಚಿ ವರ್ಷವಾಗಿತ್ತು. ಹೆಸರಿರುವವರೇ ಅರ್ಜಿ ಕೊಡಬೇಕು ಮೇಡಂ, ನಿಮ್ಮ ದಿನ ಶುಭವಾಗಿರಲಿ ಎಂದಿತು ಆ ಕಡೆಯ ದನಿ. ಸೈಬರ್ ವಿಭಾಗದವಳು ತಾನೂ ಪ್ರಯತ್ನಿಸುತ್ತೇನೆ, ನಾಳೆಯೊಳಗೆ ಆಗಬಹುದು ಎಂದಳು. ನಮ್ಮ ಟ್ಯಾಂಕಿಗೆ ನಾಳೆ ಇರಲಿಲ್ಲ.

ಚಿತ್ರದುರ್ಗದಲ್ಲಿರುವ ಎಂಜಿನಿಯರ್ ಸಾಹೇಬರಿಗೆ ಎಲ್ಲ ಹೇಳಿದೆ, ಫೋಟೋ ಒಂದನ್ನು ಬಿಟ್ಟು. ಅವರು, “ಇದು ಒಳಗಿನೋರೇ ಪಾಸ್‌ವರ್ಡ್ ಕೊಟ್ಟಿರೋ ಹಂಗಿದೆ,” ಎನ್ನುತ್ತಿದ್ದಂತೆ, “ನಾನಲ್ಲ ಸಾರ್,” ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕುಂಬಳಕಾಯಿ ಫೋಟೋದಲ್ಲೇ ಇತ್ತಲ್ಲ. ನಾಚಿಕೆಯಾಗಿ ಅದನ್ನೂ ಹೇಳಿದೆ.

“ಈಗ ಏನು ಮಾಡಬೇಕು ಅಂತೀರಿ?” ಎಂದರು ಅವರು.

“ನಲವತ್ತೊಂದು ಪೆಟ್ಟಿಗೆ ತೆಗೆದು ಸಿಮ್ ಕೀಳಬೇಕು ಸಾರ್. ವಾಲ್ವು ಕೈಯಲ್ಲಿ ತಿರುಗಿಸಬೇಕು. ಕತ್ತಲಾಗೋದರೊಳಗೆ.”

“ಯಾರು ತಿರುಗಿಸ್ತಾರ್ರೀ? ಈಗಿನ ಹುಡುಗರಿಗೆ ಪೆಟ್ಟಿಗೆ ಎಲ್ಲಿದೆ ಅಂತಾನೇ ಗೊತ್ತಿಲ್ಲ.”

ಗೊತ್ತಿರುವವರು ಯಾರೆಂದು ಇಬ್ಬರಿಗೂ ತಿಳಿದಿತ್ತು. ಮೋಟಾರು ಬಂದಾಗ ಹಳೆಯ ನೀರಗಂಟಿಗಳನ್ನು ಕೈಬಿಟ್ಟಿದ್ದೆವು. ಯಾರು ಬೇಡ ಎಂಬ ಪಟ್ಟಿ ಮಾಡಿದ್ದು ನಾನು. ಹದಿಮೂರು ಹೆಸರು. ಸಾಹೇಬರು, “ಕಾಗದ ಇಲ್ಲದೆ ಅವರನ್ನ ಕೆಲಸಕ್ಕೆ ಕರೆಯೋ ಹಾಗಿಲ್ಲ, ಮೇಲಿನವರನ್ನ ಕೇಳ್ತೀನಿ ಇರಿ,” ಎಂದರು. ನಾನು ಕಾಯಲಿಲ್ಲ. ಬೀಗದ ಕೈಗಳ ಗೊಂಚಲು ತೆಗೆದುಕೊಂಡು ಜೀಪು ಹತ್ತಿದೆ. ಇಷ್ಟು ವರ್ಷದ ನೌಕರಿಯಲ್ಲಿ ಕಾಗದ ಬರುವ ಮೊದಲೇ ನಾನು ಮಾಡಿದ ಕೆಲಸ ಅದೊಂದೇ.

ಹದಿಮೂರು ಜನರಲ್ಲಿ ಹಿರಿಯರು ಮಾಡದಕೆರೆ ಆಚೆಯ ಒಂದು ಹಟ್ಟಿಯವರು. ಉಳಿದವರೆಲ್ಲ ಅವರ ಕೈಕೆಳಗೆ ಕಲಿತವರು. ಜೀಪು ಮುಟ್ಟಿದಾಗ ಎರಡೂವರೆ ಗಂಟೆ, ನೆತ್ತಿ ಸುಡುವ ಬಿಸಿಲು. ಜಾಲಿ ಮರದ ಕೆಳಗೆ ಕುರಿಗಳು ತಲೆ ಬಗ್ಗಿಸಿಕೊಂಡು ಒತ್ತಾಗಿ ನಿಂತಿದ್ದವು. ಅವರು ಕಂಬಳಿ ಹಾಸಿ ಕುಳಿತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

“ಬರ್ರಿ ಮೇಡಂ. ಕುಂತ್ಕಳ್ರಿ. ನೆಳ್ಳು ಇಷ್ಟೇ ಐತೆ.”

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. ಹೊರ ದೇಶದವರು ಯಾರೋ ಕಂಪ್ಯೂಟರಿನಿಂದ ನಮ್ಮ ವಾಲ್ವು ತಿರುಗಿಸುತ್ತಿದ್ದಾರೆ, ಗುಡ್ಡದ ಟ್ಯಾಂಕು ಖಾಲಿಯಾಗುತ್ತಿದೆ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

“ಅಲ್ಲಿ ಕುಂತ್ಕಂಡು ಇಲ್ಲಿ ವಾಲ್ವು ತಿರುಗಿಸ್ತಾರಾ?”

“ನಾನೂ ಹಾಗೇ ತಿರುಗಿಸ್ತಿದ್ದೆ ಯಜಮಾನ್ರೇ. ನಾನು ತಿರುಗಿಸಬಹುದು ಅಂದ್ರೆ ಯಾರು ಬೇಕಾದ್ರೂ ತಿರುಗಿಸಬಹುದು.”

“ಅದು ನಿಜ,” ಅಂದರು. ಆಮೇಲೆ, “ಗುಡ್ಡದಾಗೆ ಎಷ್ಟು ಐತೆ ನೀರು?”

“ಎದೆಮಟ ಇತ್ತು. ಈಗ ಸೊಂಟಕ್ಕೆ ಬಂದಿರುತ್ತೆ.”

ಅವರು ಎದ್ದರು. ಪಕ್ಕದ ಹೊಲದಲ್ಲಿದ್ದ ಹೆಂಡತಿಯನ್ನು ಕೂಗಿ ಕುರಿ ನೋಡಿಕೋ ಎಂದರು. ಗುಡಿಸಲಿನ ಸೂರಿನಿಂದ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಎಳೆದುಕೊಂಡರು. ಎರಡು ವರ್ಷವಾದರೂ ಅದಕ್ಕೆ ಎಣ್ಣೆ ಸವರಿಟ್ಟಿದ್ದರು. ಜೀಪಿನಲ್ಲಿ ಕುಳಿತು, ಪೆಟ್ಟಿಗೆಯೊಳಗೆ ಏನು ಕೀಳಬೇಕೆಂದು ನನ್ನಿಂದ ಕೇಳಿಕೊಂಡು, ಸಣ್ಣ ಫೋನ್ ತೆಗೆದು ಒಬ್ಬೊಬ್ಬರಿಗೇ ಹಚ್ಚಿದರು.

“ಲೇ, ಎಲ್ಲಿದೀಯಾ? ಕೊಯ್ಲು ಆಮ್ಯಾಕೆ ಮಾಡೀಯಂತೆ. ನಿನ್ನ ಮೂರು ವಾಲ್ವು ತಾವ ಹೋಗು. ಪೆಟ್ಟಿಗಿ ಬೀಗ ಒಡಿ. ಒಳಗೆ ಹಸರು ದೀಪದ ಡಬ್ಬಿ ಐತೆ, ಅದ್ರಾಗೆ ಉಗುರಗಲ ಚೀಟಿ ಐತೆ, ಕಿತ್ತು ಜೇಬಿಗೆ ಹಾಕ್ಕ. ಆಮ್ಯಾಕೆ ಮೋಟರ್ ವೈರ್ ತೆಗ್ದು ಕೈಯಾಗೆ ತಿರುವು. ಎಷ್ಟು ಸುತ್ತು ಅಂತ ಮರ್ತಿಲ್ಲ ತಾನೆ?”

ಮೇನ್ ಸ್ವಿಚ್ ಆರಿಸದೆ ವೈರ್ ಮುಟ್ಟಬೇಡಿ ಎಂದು ನಾನು ಪ್ರತಿ ಕರೆಯಲ್ಲೂ ಹಿಂದಿನಿಂದ ಕೂಗುತ್ತಿದ್ದೆ. ಇಬ್ಬರು ಬರುವುದಿಲ್ಲ ಎಂದರು. ಒಬ್ಬ ನನ್ನ ದನಿ ಕೇಳಿ, “ಆಯಮ್ಮ ಅದಾಳಾ? ನಾ ಬರಲ್ಲ,” ಎಂದದ್ದು ನನಗೂ ಕೇಳಿಸಿತು. ಯಜಮಾನರು ಫೋನ್ ಕಿವಿಗೆ ಒತ್ತಿ ಹಿಡಿದು, “ಅವನ ವಾಲ್ವು ನಾನೇ ನೋಡ್ಕಂತೀನಿ ಬಿಡ್ರಿ,” ಎಂದರಷ್ಟೇ.

ಅವರ ಜೊತೆ ಒಂಬತ್ತು ಪೆಟ್ಟಿಗೆ ಸುತ್ತಿದೆ. ನಕಾಶೆ ಹಿಡಿದು ನಾನು ಬಲಕ್ಕೆ ಎಂದರೆ ಅವರು ಎಡಕ್ಕೆ ಎನ್ನುತ್ತಿದ್ದರು, ವಾಲ್ವು ಎಡಕ್ಕೇ ಇರುತ್ತಿತ್ತು. ಒಂದು ಕಡೆ ನಾವು ನೋಡುತ್ತಿದ್ದಂತೆಯೇ ಮೋಟಾರು ಗುಂಯ್ ಎಂದು ಶುರುವಾಗಿ ವಾಲ್ವು ತೆರೆಯತೊಡಗಿತು. ಸುತ್ತ ಒಂದು ನರಪಿಳ್ಳೆಯಿಲ್ಲ, ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ಮಾತ್ರ. ಟಿವಿಯಲ್ಲಿ ಎಷ್ಟು ಬಾಂಬು ನೋಡಿದ್ದರೂ ಯುದ್ಧ ಬಂದಿದೆ ಎಂದು ನನಗೆ ಅನ್ನಿಸಿದ್ದು ಆ ಕ್ಷಣದಲ್ಲಿ. ಸ್ವಿಚ್ ಆರಿಸಿ ಸಿಮ್ ಕಿತ್ತೆ. ಮೋಟಾರು ನಿಂತಿತು. ಯಜಮಾನರು ಚಾವಿ ಸಿಕ್ಕಿಸಿ ಹದಿನಾಲ್ಕು ಸುತ್ತು ಎಣಿಸಿ ಮುಚ್ಚಿದರು, ಪೈಪಿಗೆ ಕಿವಿಕೊಟ್ಟು ಕೇಳಿ, ಅರ್ಧ ಸುತ್ತು ವಾಪಸ್ ಬಿಟ್ಟರು. ಆ ಅರ್ಧ ಸುತ್ತು ನನ್ನ ಕಂಪ್ಯೂಟರಿಗೆ ಯಾವತ್ತೂ ಗೊತ್ತಿರಲಿಲ್ಲ.

ಸಂಜೆ ಆರರ ಹೊತ್ತಿಗೆ ಮೂವತ್ತೊಂಬತ್ತು ಆಗಿದ್ದವು. ಉಳಿದೆರಡನ್ನು ಆಪರೇಟರ್ ತಾವೇ ಹೋಗಿ ಮುಗಿಸಿದರು. ಗುಡ್ಡದ ಟ್ಯಾಂಕಿನಲ್ಲಿ ಮೊಣಕಾಲುಮಟ ನೀರು ಉಳಿದಿತ್ತು. ಪಂಪು ಶುರುಮಾಡಿದಾಗ ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು. ನಾನು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಆಪರೇಟರ್ ಚಹಾ ತಂದಿಟ್ಟರು. ಟ್ಯಾಂಕಿನ ನೀರನ್ನು ಪರೀಕ್ಷೆ ಮಾಡಿಸಿ, ಊರಿನವರ ಎದುರಿಗೇ ನಾನೊಂದು ಲೋಟ ಕುಡಿದ ವೀಡಿಯೊವನ್ನು ಮರುದಿನ ಅದೇ ಗ್ರೂಪುಗಳಿಗೆ ಹಾಕಿದೆವು. ವಿಷದ ಮಾತು ನಿಧಾನಕ್ಕೆ ತಣ್ಣಗಾಯಿತು.

ನಂತರದ ದಿನಗಳಲ್ಲಿ ನೀರು ಹೋದದ್ದು ಕೈಯಿಂದ. ನೀರಗಂಟಿಗಳು ಹೊತ್ತಿಗೆ ಸರಿಯಾಗಿ ಬಂದು ವಾಲ್ವು ತಿರುಗಿಸಿ ನನಗೆ ಫೋನ್ ಮಾಡುತ್ತಿದ್ದರು, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಒಂದು ಸಂಜೆ ಟಿವಿಯಲ್ಲಿ ಕದನ ವಿರಾಮ ಎಂದರು. ಆಪರೇಟರ್ ಮಗನಿಂದ ಫೋನ್ ಬಂತು. ನಮ್ಮ ವಾಲ್ವು ತಿರುಗಿಸಿದವರು ಶತ್ರು ಸರ್ಕಾರದವರೋ, ಯಾವ ದೇಶದಲ್ಲೋ ಕುಳಿತ ಪುಂಡರೋ ಎಂದು ಇವತ್ತಿಗೂ ಖಚಿತವಾಗಿಲ್ಲ.

ನಾನು ಹೊಸ ವರದಿ ಬರೆದೆ. ಹಾಳೆ, ಫೋಟೋ, ಬದಲಾಯಿಸದ ಪಾಸ್‌ವರ್ಡ್, ಮೊದಲ ವರದಿಯ ಸುಳ್ಳು, ಎಲ್ಲವನ್ನೂ. ದೊಡ್ಡ ವಾಲ್ವುಗಳಿಗೆ ಮನುಷ್ಯರು ಇರಲೇಬೇಕು ಎಂದು ಹದಿಮೂರು ಹೆಸರುಗಳನ್ನೂ ಸೇರಿಸಿದೆ. ಸಾಹೇಬರು ಓದಿ, “ಇದನ್ನ ಕಳಿಸಿದ್ರೆ ನಿಮ್ಮ ಗುತ್ತಿಗೆ ಮುಂದುವರಿಯೋದು ಕಷ್ಟ,” ಎಂದರು. “ಕಳಿಸಿ ಸಾರ್,” ಅಂದೆ. ಧೈರ್ಯ ಅಂತಲ್ಲ. ಇನ್ನೊಂದು ಸುಳ್ಳಿಗೆ ಸಹಿ ಹಾಕುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಉತ್ತರ ಬರುವ ಮೊದಲೇ ಹೊಸ ಮೋಡೆಮ್‌ಗಳು ಬಂದವು. ಜೋಡಿಸಿ, ಯಥಾಸ್ಥಿತಿಗೆ ತನ್ನಿ ಎಂಬ ಆದೇಶವೂ ಬಂತು. ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಮಾಡದಕೆರೆಗೆ ಹೋದೆ. ಯಜಮಾನರು ವಾಲ್ವಿನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದರು.

“ಯುದ್ಧ ನಿಂತೈತಂತೆ,” ಎಂದರು. “ಹಂಗಾರೆ ನಾವು ತಿರ್ಗಾ ಬ್ಯಾಡ ಆದ್ವಾ ಮೇಡಂ?”

“ಗೊತ್ತಿಲ್ಲ ಯಜಮಾನ್ರೇ. ಇರಲೇಬೇಕು ಅಂತ ಬರೆದಿದ್ದೀನಿ. ಕೇಳ್ತಾರೋ ಇಲ್ವೋ ಗೊತ್ತಿಲ್ಲ.”

“ಹೋಗ್ಲಿ, ಬಂದು ಹೇಳಿದ್ರಲ್ಲ. ಹೋದ್ಸಲ ಯಾರೂ ಹೇಳಿರ್ಲಿಲ್ಲ. ಚಾವಿ ಹಿಡ್ಕಂಡು ಬಂದೆ, ವಾಲ್ವು ತಂತಾನೇ ತಿರುಗ್ತಾ ಇತ್ತು. ಕೆಟ್ಟೈತೇನೋ ಅಂತ ಮೂರು ದಿನ ಬಂದು ಕಾಯ್ಕಂಡು ನಿಂತಿದ್ದೆ.”

“ಆ ಪಟ್ಟಿ ಮಾಡಿದ್ದು ನಾನೇ,” ಅಂದೆ. “ನಿಮ್ಮ ಹೆಸರು ತೆಗೆದದ್ದು ನಾನು.”

“ಗೊತ್ತೈತೆ. ಮೂರನೇ ದಿನ ನಿಮ್ಮ ಜೀಪು ಇಲ್ಲೇ ಬಂದಿತ್ತು. ನನ್ನ ನೋಡಿ ಮಖ ಆ ಕಡೀಕೆ ತಿರುಗಿಸಿಕೊಂಡ್ರಿ.”

ನಿಜ. ನನಗೆ ನೆನಪಿತ್ತು.

“ಗೊತ್ತಿದ್ದೂ ಅವತ್ತು ನಾನು ಕರೆದ ಕೂಡಲೇ ಎದ್ದು ಬಂದ್ರಲ್ಲ?”

“ನೀವು ಕರೆದ್ರಿ ಅಂತ ಬರ್ಲಿಲ್ಲ ಕಣಮ್ಮ. ಗುಡ್ಡದಾಗೆ ನೀರು ಸೊಂಟಮಟ ಐತೆ ಅಂದ್ರಲ್ಲ, ಅದಕ್ಕೆ ಬಂದೆ.”

ಅವರು ಎದ್ದು ಚಾವಿ ತೆಗೆದುಕೊಂಡರು. ಊರಿಗೆ ನೀರು ಬಿಡುವ ಹೊತ್ತಾಗಿತ್ತು. ನಾನು ಹೊಸ ಮೋಡೆಮ್ ಅನ್ನು ಜೀಪಿನಲ್ಲೇ ಬಿಟ್ಟು, ಅವರ ಪಕ್ಕ ನಿಂತು ಸುತ್ತು ಎಣಿಸಿದೆ.